ಮೂರನೇ ಸಾಲಿನ ಇಲಿಗಳು

ಕಳೆದ ತಿಂಗಳು ಒಂದು ಶನಿವಾರ, ಸೀವುಡ್ಸ್ ಸ್ಟೇಷನ್ನಿನ ಹತ್ತಿರ ಹೊಸದಾಗಿ ತೆರೆದ ಪೆಟ್ ಶಾಪಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಂಟು ವರ್ಷದ ಅವಳಿಗೆ ಹ್ಯಾಮ್‌ಸ್ಟರ್ ಬೇಕಿತ್ತು. ಬಾಗಿಲು ತಳ್ಳಿದ್ದೇ ತಡ, ಎಸಿಯ ತಂಪಿನ ಜೊತೆ ಒಂದು ವಾಸನೆ ಬಂದು ಮುಖಕ್ಕೆ ತಾಗಿತು. ಭತ್ತದ ಹೊಟ್ಟು, ಅದನ್ನು ಒದ್ದೆ ಮಾಡಿದ ಉಚ್ಚೆ, ಕಡಲೆಹಿಟ್ಟು ಹುರಿದಂತೆ ಘಮ್ಮೆನ್ನುವ ಇಲಿ ತಿಂಡಿ, ಎಲ್ಲ ಬೆರೆತು ಬೆಚ್ಚಗಾದ ವಾಸನೆ. ಮಗಳು ಮೂಗು ಹಿಡಿದುಕೊಂಡು, "ಛೀ ಮಮ್ಮಾ, ಕಿತ್‌ನಾ ಬದ್‌ಬೂ ಹೈ" ಅಂದಳು. ನಾನು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ. ಹನ್ನೆರಡು ವರ್ಷದ ಹಿಂದೆ ಹೆಚ್ಚುಕಡಿಮೆ ದಿನಾ ಈ ವಾಸನೆಯನ್ನು ಸೀರೆಯಲ್ಲಿ, ಕೂದಲಲ್ಲಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ. ಆಮೇಲೆ ಅದು ಎಲ್ಲಿ ಹೋಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ...

ಆಗ ನಾನು ಸಾನಪಾಡಾದ ಹತ್ತಿರ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಮದುವೆಯಾಗಿ ಮೈಸೂರಿನಿಂದ ಬಂದು ಒಂದೂವರೆ ವರ್ಷವಾಗಿತ್ತು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಠಾಣೆಯ ನೌಪಾಡಾದಲ್ಲಿ ಬಾಡಿಗೆ ಮನೆ. ಕಾಲೇಜಿನ ಹಿಂಭಾಗದಲ್ಲಿ ಒಂದು ತಗ್ಗಾದ ಕಟ್ಟಡವಿತ್ತು. ಅಲ್ಲಿ ಪ್ರಯೋಗದ ಇಲಿಗಳನ್ನು ಸಾಕುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರ ನೆನಪೇ ಆ ವಾಸನೆಯ ಜೊತೆ ಬಂದದ್ದು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಉಡುಪಿ ಕಡೆಯವರು. ಕಾಲೇಜಿನ ಹುಡುಗರೆಲ್ಲ ಅವರನ್ನು "ಚೂಹೇವಾಲೇ ಅಣ್ಣಾ", ಇಲಿಗಳ ಅಣ್ಣ, ಅನ್ನುತ್ತಿದ್ದರು. ನಾನು ಬರೀ ಅಣ್ಣ ಅನ್ನುತ್ತಿದ್ದೆ.

ಮೊದಲ ದಿನ ನಾನು ಇಲಿ ಹಿಡಿಯಲು ಹೋಗಿ ಕಚ್ಚಿಸಿಕೊಂಡೆ. ಅವರು ನಗಲಿಲ್ಲ. ಬೆರಳನ್ನು ನಲ್ಲಿಯ ಕೆಳಗೆ ಹಿಡಿಸಿ, "ನೀವು ಹೆದರಿದ್ದು ಅದಕ್ಕೆ ಗೊತ್ತಾಯ್ತು ಮೇಡಂ" ಅಂದರು. ಆಮೇಲೆ ಪಂಜರದ ಮುಚ್ಚಳ ತೆಗೆದು, ಬರಿಗೈಯನ್ನು ಹೊಟ್ಟಿನ ಮೇಲೆ ಸುಮ್ಮನೆ ಇಟ್ಟು, "ಬಲ ಮಗಾ, ಬಲ" ಎಂದು ತುಳುವಿನಲ್ಲಿ ಕರೆದರು. ನನ್ನ ಬೆರಳು ಕಚ್ಚಿದ ಅದೇ ಇಲಿ ಬಂದು ಅವರ ಅಂಗೈಯನ್ನು ಮೂಸಿತು, ಮೇಲೆ ಹತ್ತಿ ಕೂತಿತು. ತುದಿಯಲ್ಲಿ ಸಣ್ಣ ಗುಂಡಿರುವ ಬಾಗಿದ ಸೂಜಿಯಿಂದ ಇಲಿಯ ಗಂಟಲಿಗೆ ಮದ್ದು ಇಳಿಸಬೇಕು. ಎಷ್ಟೋ ಪ್ರೊಫೆಸರುಗಳಿಗೂ ಕೈ ನಡುಗುತ್ತಿತ್ತು. ಅಣ್ಣನ ಕೈಯಲ್ಲಿ ಇಲಿ ಒಮ್ಮೆ ಗುಟುಕರಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನಾನು ಎಷ್ಟೋ ಸಲ ಟಿಪ್ಪಣಿ ಬರೆಯುವುದನ್ನು ಮರೆತು ಅದನ್ನೇ ನೋಡುತ್ತಾ ನಿಂತಿದ್ದೇನೆ.

ನನ್ನ ಕೆಲಸ ಇನ್ಸುಲಿನ್ ಮೇಲೆ. ಇನ್ಸುಲಿನ್ ಒಂದು ಪ್ರೋಟೀನು. ಅದನ್ನು ನುಂಗಿದರೆ ಹೊಟ್ಟೆ ಅದನ್ನು ಔಷಧಿ ಎಂದು ಗೌರವಿಸುವುದಿಲ್ಲ; ಬೇಳೆಯನ್ನೋ ಮೊಟ್ಟೆಯನ್ನೋ ಅರಗಿಸಿದ ಹಾಗೆ ಅರಗಿಸಿಬಿಡುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆಯವರಿಗೆ ದಿನಾ ಸೂಜಿ. ಸೀಗಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಬಿಳಿ ಪುಡಿಯಿದೆ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮಾಡಿ, ಒಳಗೆ ಇನ್ಸುಲಿನ್ ಅಡಗಿಸಿ ಕಳಿಸಿದರೆ, ಹೊಟ್ಟೆಯ ಹುಳಿಯಿಂದ ಸ್ವಲ್ಪವಾದರೂ ತಪ್ಪಿಸಿಕೊಂಡು, ಕರುಳಿನ ಗೋಡೆಗೆ ಅಂಟಿ, ರಕ್ತಕ್ಕೆ ದಾಟಬಹುದೇ ಎನ್ನುವುದು ನನ್ನ ಪ್ರಶ್ನೆ.

ಒಂದು ದಿನ ಯಾವುದೋ ಕೀಲಿ ಕೊಡಲು ಅಣ್ಣ ನಮ್ಮ ಲ್ಯಾಬಿಗೆ ಬಂದರು. ನಾನು ಆಗ ಕಣ ಮಾಡುತ್ತಿದ್ದೆ. ಗಾಜಿನ ಬೀಕರಿನಲ್ಲಿ ನೀರಿನಷ್ಟೇ ತಿಳಿಯಾದ ಕೈಟೋಸಾನ್ ದ್ರಾವಣ, ತಳದಲ್ಲಿ ಗಿರಗಿರ ತಿರುಗುವ ಚಿಕ್ಕ ಅಯಸ್ಕಾಂತದ ಕಡ್ಡಿ. ಮೇಲಿನಿಂದ ಇನ್ನೊಂದು ತಿಳಿ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಿದ್ದೆ. ಹತ್ತು ಹನಿ, ಇಪ್ಪತ್ತು ಹನಿ, ಏನೂ ಇಲ್ಲ. ಆಮೇಲೆ ಒಂದು ಹನಿಗೆ ಇಡೀ ಬೀಕರು ತೆಳ್ಳನೆಯ ಮಂಜು ಹರಡಿದಂತೆ ಬೆಳ್ಳಗಾಯಿತು. ಕಿಟಕಿಯ ಬೆಳಕಿಗೆ ಹಿಡಿದರೆ ಆ ಬಿಳುಪಿನಲ್ಲಿ ಸ್ವಲ್ಪ ನೀಲಿ. ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಬಗ್ಗಿ ನೋಡಿದರು.

"ಹಾಲು ಹಾಕಿದ್ರಾ ಮೇಡಂ?"

"ಇಲ್ಲ ಅಣ್ಣ. ಅವೇ ಕಣಗಳು. ನಿಮ್ಮ ಒಂದು ಕೂದಲಿನ ಅಗಲದಲ್ಲಿ ನೂರಾರು ಕೂರತ್ತೆ."

ಅವರು ಇನ್ನಷ್ಟು ಬಗ್ಗಿ, "ಇದು ಎಟ್ಟಿಯ ಚಿಪ್ಪಿಂದ ಅಂತ ಹೇಳಿದ್ರಲ್ಲ ನೀವು" ಅಂದರು. ಎಟ್ಟಿ ಎಂದರೆ ತುಳುವಿನಲ್ಲಿ ಸೀಗಡಿ. "ನಮ್ಮಲ್ಲಿ ಅದನ್ನು ತೆಂಗಿನ ಬುಡಕ್ಕೆ ಹಾಕುದು. ಮೂಗು ಮುಚ್ಚಿಕೊಂಡು. ಅದರಲ್ಲಿ ಇಷ್ಟು ಉಂಟಾ..."

ಅವತ್ತೇ ನನಗೆ ಗೊತ್ತಾದದ್ದು, ಅವರ ಹೆಂಡತಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಎಂದು. ಡೊಂಬಿವಿಲಿಯಿಂದ ಬೆಳಿಗ್ಗೆ ಲೋಕಲ್ ಹಿಡಿಯುವ ಮೊದಲು ಹೆಂಡತಿಗೆ ಸೂಜಿ ಚುಚ್ಚಿಯೇ ಹೊರಡುತ್ತಿದ್ದರಂತೆ. ಹೆಂಡತಿಯ ಕಣ್ಣು ಮಂಜಾಗಿ ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಇಲಿಗಳು ಅವರ ಕೈಯನ್ನು ಯಾಕೆ ನಂಬುತ್ತಿದ್ದವು ಎಂದು ಆಗ ಅರ್ಥವಾಯಿತು.

ಒಂದು ರಜೆಯ ದಿನ ಅವರು ಮನೆಗೆ ಊಟಕ್ಕೆ ಕರೆದರು. ಡೊಂಬಿವಿಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಹಳೆಯ ಕಟ್ಟಡದ ಎರಡನೇ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳಿರಲಿಲ್ಲ. ಅಣ್ಣನ ಹೆಂಡತಿಯಾದ್ದರಿಂದ ನಾನು ಅವರನ್ನು ಅತ್ತಿಗೆ ಎಂದು ಕರೆದೆ. ಅವರಿಗೆ ಅದು ಇಷ್ಟವಾಯಿತು. ನೀರುದೋಸೆ ಬಡಿಸಿ, ನನ್ನ ಎದುರೇ ಕೂತು, "ಇವರು ಹೇಳ್ತಾರೆ, ನೀವು ನುಂಗುವ ಇನ್ಸುಲಿನ್ ಮಾಡ್ತೀರಂತೆ. ಯಾವಾಗ ಬರ್ತದೆ?" ಎಂದು ಕೇಳಿದರು. ನನಗೆ ಇಪ್ಪತ್ತೇಳು ವರ್ಷ. "ಇನ್ನೊಂದು ಐದು ವರ್ಷ ಅತ್ತಿಗೆ" ಅಂದೆ, ಹಾಲಿನವನು ನಾಳೆ ಬರುತ್ತಾನೆ ಅನ್ನುವಷ್ಟು ಸಲೀಸಾಗಿ. ಅಣ್ಣ ತಲೆ ತಗ್ಗಿಸಿ ದೋಸೆ ಮಡಚುತ್ತಿದ್ದವರು, "ಅದು ಅಷ್ಟು ಬೇಗ ಆಗ್ಲಿಕ್ಕಿಲ್ಲ" ಅಂದರು. ಆದರೆ ಅವರ ಮುಖದಲ್ಲೂ ಆಸೆಯಿತ್ತು. ಅದನ್ನು ನಾನು ಕಂಡಿದ್ದೇನೆ.

ದೊಡ್ಡ ಪ್ರಯೋಗದ ದಿನ ಬಂತು. ಸಕ್ಕರೆ ಕಾಯಿಲೆ ಬರಿಸಿದ ಹದಿನೆಂಟು ಇಲಿಗಳು, ಮೂರು ಸಾಲುಗಳಲ್ಲಿ ಆರಾರು ಪಂಜರ. ಮೊದಲ ಸಾಲಿಗೆ ಒಳಗೇನೂ ಇಲ್ಲದ ಬರೀ ಕಣ. ಎರಡನೆಯದಕ್ಕೆ ಬರೀ ಇನ್ಸುಲಿನ್. ಮೂರನೇ ಸಾಲಿಗೆ ಇನ್ಸುಲಿನ್ ತುಂಬಿದ ನನ್ನ ಕಣಗಳು. ಬೆಳಿಗ್ಗೆ ಎರಡು ಗಂಟೆ ಹೊತ್ತು ತಿಂಡಿ ತೆಗೆದಿಟ್ಟು, ಬಾಯಿಗೆ ಮದ್ದು ಕೊಟ್ಟು, ಕೂಡಲೇ ಎಲ್ಲರಿಗೂ ತಿಂಡಿಯ ಡಬ್ಬಿ ವಾಪಸ್ ಇಡಬೇಕು. ಅದು ಬಹಳ ಮುಖ್ಯ. ಹಸಿದರೂ ಇಲಿಯ ಸಕ್ಕರೆ ಇಳಿಯುತ್ತದೆ. ತಿಂಡಿ ಸಿಗದಿದ್ದರೆ, ಇಳಿದದ್ದು ಮದ್ದಿನಿಂದಲೋ ಹಸಿವಿನಿಂದಲೋ ಹೇಳಲು ಬರುವುದಿಲ್ಲ.

ಅಣ್ಣ ಹದಿನೆಂಟಕ್ಕೂ ಮದ್ದು ಕೊಟ್ಟು ಮುಗಿಸಿದರು. ಖಾಲಿ ಡಬ್ಬಿಗಳನ್ನು ತೊಳೆದು ಕವುಚಿ, ಒಂದೊಂದೇ ಸಾಲಿನದ್ದು ತುಂಬಿಸಿ ಇಡುತ್ತಿದ್ದಾಗ ಅವರ ಮೊಬೈಲ್ ಬಡಿದುಕೊಂಡಿತು. ಡೊಂಬಿವಿಲಿಯ ಪಕ್ಕದ ಮನೆಯವರು. ಅತ್ತಿಗೆ ಅಡುಗೆಮನೆಯಲ್ಲಿ ಬಿದ್ದಿದ್ದಾರೆ, ಎಚ್ಚರವಿಲ್ಲ. ಸಕ್ಕರೆ ಒಮ್ಮೆಲೇ ಇಳಿದಿತ್ತು ಎಂದು ಆಮೇಲೆ ತಿಳಿಯಿತು.

"ನೀವು ಹೊರಡಿ ಅಣ್ಣ. ಇಲಿ ನಾನು ಹಿಡೀತೀನಿ" ಅಂದೆ.

ಏಪ್ರನ್ ಕೂಡ ಬಿಚ್ಚದೆ ಸ್ಟೇಷನ್ ಕಡೆ ಓಡಿದರು.

ಆ ದಿನ ನಾನೊಬ್ಬಳೇ ಹದಿನೆಂಟು ಇಲಿಗಳನ್ನು ಮತ್ತೆ ಮತ್ತೆ ಎತ್ತಿ, ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಿಡಿದೆ. ಒಂದೂ ಕಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರನೇ ಸಾಲಿನ ಅಂಕಿಗಳು ಇಳಿಯತೊಡಗಿದವು. ಸಂಜೆಗೆ ಅರ್ಧಕ್ಕರ್ಧ ಇಳಿದಿದ್ದವು. ಉಳಿದ ಎರಡು ಸಾಲು ಎಲ್ಲಿದ್ದವೋ ಅಲ್ಲೇ. ಮೀಟರ್ ಕೆಟ್ಟಿದೆಯೇನೋ ಎಂದು ಬೇರೆ ಮೀಟರ್ ತಂದೆ. ಅದೂ ಅದನ್ನೇ ಹೇಳಿತು. ಸೀಗಡಿ ಚಿಪ್ಪಿನ ಕಣ್ಣಿಗೆ ಕಾಣದ ಗೂಡಿನಲ್ಲಿ ಕೂತು ಇನ್ಸುಲಿನ್ ಹೊಟ್ಟೆಯನ್ನು ದಾಟಿತ್ತು. ಆ ತಗ್ಗು ಕೋಣೆಯಲ್ಲಿ, ಆ ವಾಸನೆಯ ನಡುವೆ, ದೇವಸ್ಥಾನದಲ್ಲಿ ನಿಂತ ಹಾಗೆ ನಿಂತಿದ್ದೆ.

ನಮ್ಮ ಗೈಡ್ ಸರ್ ಪುಣೆ ಕಡೆಯ ಮರಾಠಿಯವರು, ಹೊಗಳಿಕೆಯ ಮಾತು ಬಾಯಲ್ಲಿ ಬಂದದ್ದೇ ಇಲ್ಲ. ಅವರೂ ಪಟ್ಟಿ ನೋಡಿ ಎರಡು ಸಲ ತಲೆಯಾಡಿಸಿದರು. ಮರುದಿನವೇ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದರು. ನಾನು ಇಡೀ ವಿಭಾಗಕ್ಕೆ ಪೇಢೆ ಹಂಚಿದೆ. ಅಣ್ಣ ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದರು, ಅತ್ತಿಗೆ ಅವತ್ತು ಸಂಜೆಯೇ ಚೇತರಿಸಿಕೊಂಡಿದ್ದರು. ಪೇಢೆ ಕೊಟ್ಟಾಗ ಕೈ ಚಾಚಿ ತೆಗೆದುಕೊಂಡರು, ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟರು. ದಣಿದಿದ್ದಾರೆ ಅಂದುಕೊಂಡೆ.

ಐದನೇ ದಿನ ಬೆಳಿಗ್ಗೆ ಇಲಿಗಳ ಕೋಣೆಗೆ ಹೋದಾಗ, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಬಾಗಿಲು ಹಾಕಿಕೊಳ್ಳಲು ಹೇಳಿದರು.

"ಮೇಡಂ, ಆ ದಿವಸ ನೀವು ಮೂರನೇ ಸಾಲಿನ ಇಲಿ ತೆಗೀವಾಗ ಪಂಜರದಲ್ಲಿ ತಿಂಡಿ ಡಬ್ಬಿ ಇತ್ತಾ?"

ನೆನಪಿಸಿಕೊಳ್ಳಲು ನೋಡಿದೆ. ಕಣ್ಣ ಮುಂದೆ ಮೀಟರ್ ಮಾತ್ರ ಬಂತು. "ಇತ್ತು ಅನ್ಸತ್ತೆ ಅಣ್ಣ."

"ಇರ್ಲಿಲ್ಲ" ಅಂದರು. "ಮರುದಿವಸ ಬೆಳಿಗ್ಗೆ ಬಂದು ನೋಡಿದ್ರೆ ಆರು ಡಬ್ಬಿ ತೊಳೀವ ಕಲ್ಲಿನ ಹತ್ರ ಕವುಚಿ ಹಾಕಿದ್ದು ಹಾಗೇ ಉಂಟು. ಎರಡು ಸಾಲಿಗೆ ಇಟ್ಟಿದ್ದೆ. ಮೂರನೇದಕ್ಕೆ ಇಡುವಾಗ ಫೋನ್ ಬಂತಲ್ಲ. ಅವು ಆರು ಇಡೀ ದಿವಸ ಉಪವಾಸ ಇದ್ವು ಮೇಡಂ. ನಾನು ಡಬ್ಬಿ ಇಟ್ಟ ಕೂಡ್ಲೆ ಹೇಗೆ ತಿಂದ್ವು ಗೊತ್ತುಂಟಾ..." ಅವರಿಗೆ ಮೊದಲು ನೆನಪಾದದ್ದು ಇಲಿಗಳ ಹಸಿವು.

"ರಿಜಿಸ್ಟರಲ್ಲಿ ನಿಮ್ಮ ಸಹಿ ಇದೆಯಲ್ಲ, ಮೂರೂ ಸಾಲಿಗೆ ತಿಂಡಿ ಇಟ್ಟಿದೀನಿ ಅಂತ?"

"ಸಹಿ ಮೊದ್ಲೇ ಹಾಕಿದ್ದೆ. ಇಟ್ಟೇ ಇಡ್ತೇನಲ್ಲ ಅಂತ. ಅದು ನನ್ನ ತಪ್ಪು."

ಆ ಆರು ಪಂಜರಗಳ ಮುಚ್ಚಳವನ್ನು ಆ ದಿನ ನಾನು ಎಷ್ಟೋ ಸಲ ತೆಗೆದಿದ್ದೆ. ಡಬ್ಬಿಯ ಜಾಗ ಖಾಲಿಯಿದ್ದದ್ದು ಕಾಣಲಿಲ್ಲ. ಕಾಣಬೇಕೆಂಬ ಮನಸ್ಸೇ ಇರಲಿಲ್ಲ. ನನಗೆ ಬೇಕಾದದ್ದು ಮೀಟರಿನಲ್ಲಿ ಕಾಣುತ್ತಿತ್ತು.

"ಆಫೀಸಲ್ಲಿ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಹಾಗಿದ್ರೆ ಹೇಳ್ಬೇಡಿ ಅಣ್ಣ" ಅಂದೆ. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಲ್ಲಿ ನನ್ನದೇ ದನಿಯಲ್ಲಿ ಕೇಳುತ್ತದೆ. "ಮುಂದಿನ ಸಲ ಸರಿಯಾಗಿ ಮಾಡೋಣ. ಸುಳ್ಳು ಸಹಿ ಅಂತ ಗೊತ್ತಾದ್ರೆ ನಿಮ್ಮ ಕೆಲಸಾನೇ ಹೋಗತ್ತೆ." ಅವರ ಕೆಲಸದ ಮಾತು ಎತ್ತಿದೆ, ನನ್ನ ಡಿಗ್ರಿಯ ಮಾತು ಎತ್ತಲಿಲ್ಲ.

ಅಣ್ಣ ರಿಜಿಸ್ಟರಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ನಿಧಾನವಾಗಿ ಹೇಳಿದರು: "ನೀವೇ ಅಲ್ವಾ ಮೇಡಂ ನನಗೆ ಹೇಳಿಕೊಟ್ಟದ್ದು. ನೀವು ಬರೆದದ್ದನ್ನು ನಂಬಿ ಇನ್ನೊಬ್ರು ಮುಂದೆ ಕೆಲಸ ಮಾಡ್ತಾರೆ, ಅವರದ್ದನ್ನು ನಂಬಿ ಮತ್ತೊಬ್ರು ಅಂತ. ಹಾಗೇ ಹೋಗಿ ಹೋಗಿ ಕಡೆಗೆ ಎಲ್ಲಿಯೋ ಒಂದು ಹೆಂಗಸು ಸೂಜಿ ಬಿಟ್ಟು ಇದನ್ನು ನುಂಗ್ತಾಳೆ. ಅವಳ ಗಂಡ, ಸರಿ ಉಂಟು ಅಂತ ಬೆಳಿಗ್ಗೆ ಕೆಲಸಕ್ಕೆ ಹೋಗ್ತಾನೆ."

ಎರಡು ದಿನ ಟೈಮ್ ಕೊಡಿ, ನಾನೇ ಸರ್ ಹತ್ರ ಮಾತಾಡ್ತೀನಿ ಅಂದೆ. ಅವರು ತಲೆಯಾಡಿಸಿದರು.

ಎರಡು ದಿನ ಕಳೆದವು. ಸರ್ ಕೋಣೆಯ ಮುಂದೆ ಎಷ್ಟೋ ಸಲ ಹಾದುಹೋದೆ. ಒಳಗೆ ಹೋಗಲಿಲ್ಲ. ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತು, ಹಸಿವಿನಿಂದಲೇ ಪೂರ್ತಿ ಇಳಿದಿರಲಿಕ್ಕಿಲ್ಲ, ಕಣಗಳಿಂದಲೂ ಇಳಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಗಂಡನಿಗೂ ಹೇಳಲಿಲ್ಲ.

ಮೂರನೇ ದಿನ ಸರ್ ಕರೆಸಿದರು. ಹೋಗಿ ನೋಡಿದರೆ ಮೇಜಿನ ಮುಂದೆ ಅಣ್ಣ ನಿಂತಿದ್ದರು, ರಿಜಿಸ್ಟರ್ ತೆರೆದಿತ್ತು. ಎಲ್ಲ ಹೇಳಿ ಮುಗಿಸಿದ್ದರು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

"ತುಲಾ ಮಾಹೀತ್ ಹೋತಂ ಕಾ?" ನಿನಗೆ ಗೊತ್ತಿತ್ತಾ ಎಂದು ಕೇಳಿದ್ದು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ತಮ್ಮ ಹರಕು ಹಿಂದಿಯಲ್ಲಿ ಹೇಳಿಬಿಟ್ಟರು: "ನಹೀಂ ಸರ್. ಮೇಡಂ ಕೋ ಕುಛ್ ಮಾಲೂಮ್ ನಹೀಂ. ಮೈನೇ ಬತಾಯಾ ಹೀ ನಹೀಂ."

ನನಗೆ ಏನೂ ಗೊತ್ತಿಲ್ಲವಂತೆ, ಅವರು ಹೇಳಿಯೇ ಇಲ್ಲವಂತೆ. ಇಲಿಗಳ ವಿಷಯದಲ್ಲಿ ಒಂದು ಸುಳ್ಳನ್ನೂ ತಡೆದುಕೊಳ್ಳಲಾರದ ಮನುಷ್ಯ ನನಗಾಗಿ ಒಂದನ್ನು ಹೇಳಿದರು. ನಾನು ಅದನ್ನು ತಿದ್ದಲಿಲ್ಲ. ನೆಲದ ಟೈಲ್ಸಿನ ಗೆರೆಗಳನ್ನು ನೋಡುತ್ತಾ ನಿಂತಿದ್ದೆ. ಸರ್ ರಿಜಿಸ್ಟರ್ ಮುಚ್ಚಿ, "ಪರತ್ ಕರಾ" ಅಂದರು. ಮತ್ತೆ ಮಾಡಿ.

ಸಮ್ಮೇಳನಕ್ಕೆ ಕಳಿಸಿದ್ದನ್ನು ಸರ್ ಅವತ್ತೇ ವಾಪಸ್ ತೆಗೆದುಕೊಂಡರು. ಆಫೀಸಿನವರು ಅಣ್ಣನಿಗೆ ಮೆಮೊ ಕೊಟ್ಟರು, ತೆಗೆದುಹಾಕುವ ಮಾತೂ ನಡೆಯಿತು. ಈ ಪ್ರಯೋಗ ಮುಗಿಯುವವರೆಗೆ ಇವರೇ ಬೇಕು ಎಂದು ಸರ್ ಹಟ ಹಿಡಿದರು.

ಹೊಸ ಇಲಿಗಳು ತಯಾರಾಗಲು ಸುಮಾರು ಎರಡು ತಿಂಗಳು ಹಿಡಿಯಿತು. ಈ ಸಲ ಪ್ರತಿ ಪಂಜರದ ಮುಂದೆಯೂ ಇಬ್ಬರೂ ನಿಂತೆವು. ಅವರು ಡಬ್ಬಿ ಇಡುವುದು, ನಾನು ನೋಡುವುದು, ಆಮೇಲೆ ಇಬ್ಬರ ಸಹಿ. ಸರ್ ಕೋಣೆಯಲ್ಲಿ ನಡೆದದ್ದರ ಮಾತು ನಮ್ಮ ನಡುವೆ ಬರಲೇ ಇಲ್ಲ. ಅವರು ಮೊದಲಿನ ಹಾಗೇ ಇದ್ದರು. ನಾನು ಮಾತ್ರ ಅವರ ಕಣ್ಣು ತಪ್ಪಿಸುತ್ತಿದ್ದೆ.

ಮಧ್ಯಾಹ್ನದವರೆಗೆ ಮೂರನೇ ಸಾಲು ಜಗ್ಗಲಿಲ್ಲ. ಎಲ್ಲ ಹಸಿವೇ ಆಗಿತ್ತು, ನನ್ನ ಕಣಗಳದ್ದು ಏನೂ ಇರಲಿಲ್ಲ ಅಂದುಕೊಂಡೆ. ಮೂರೂವರೆಗೆ ಎರಡು ಇಲಿಗಳಲ್ಲಿ ಸ್ವಲ್ಪ ಇಳಿಯಿತು. ಐದಕ್ಕೆ ನಾಲ್ಕರಲ್ಲಿ. ಸಂಜೆಯ ಹೊತ್ತಿಗೆ ಆರರಲ್ಲೂ. ಮೊದಲ ಸಲದ ಅರ್ಧದಷ್ಟೂ ಇರಲಿಲ್ಲ. ಆದರೆ ಇಲಿಗಳು ಎದುರಿಗೇ ತಿಂಡಿ ಕಡಿಯುತ್ತಿದ್ದವು, ಕಟಕಟ ಸದ್ದು ಕೇಳುತ್ತಿತ್ತು, ಹೊಟ್ಟೆ ತುಂಬಿದ್ದಾಗಲೂ ಸಕ್ಕರೆ ಇಳಿದಿತ್ತು. ಬರೀ ಇನ್ಸುಲಿನ್ ಕೊಟ್ಟ ಎರಡನೇ ಸಾಲು ಕದಲಿರಲಿಲ್ಲ.

ಅಣ್ಣ ಕೊನೆಯ ಇಲಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ನನ್ನ ಪುಸ್ತಕವನ್ನು ಇಣುಕಿದರು.

"ಇಳಿದಿದೆ ಅಲ್ವಾ ಮೇಡಂ?"

"ಸ್ವಲ್ಪ ಅಣ್ಣ. ಬಹಳ ಸ್ವಲ್ಪ."

"ಸ್ವಲ್ಪ ಆದ್ರೂ ಇದು ನಿಜದ್ದಲ್ವಾ" ಎಂದು, ಆ ಇಲಿಯ ಬೆನ್ನನ್ನು ಒಂದು ಬೆರಳಿನಿಂದ ಸವರಿದರು. ಅವರ ಕಣ್ಣಲ್ಲಿ ನೀರಿತ್ತು. "ದಾಟಿತಲ್ಲ ಅದು... ಎಂತ ಆಶ್ಚರ್ಯ ನೋಡಿ. ಎಟ್ಟಿ ಚಿಪ್ಪು."

ಮೊದಲ ಸಲ ಅರ್ಧಕ್ಕರ್ಧ ಇಳಿದಾಗ ನಾನು ಪೇಢೆ ಹಂಚಿ ಕುಣಿದಿದ್ದೆ. ಈ ಸಲ ಈ ಪುಟ್ಟ ಇಳಿತದ ಮುಂದೆ ಕುಣಿಯಲು ಧೈರ್ಯ ಬರಲಿಲ್ಲ. ಅವರ ಪಕ್ಕದಲ್ಲಿ ನಿಂತು ಆರು ಅಂಕಿಗಳನ್ನು ಮತ್ತೆ ಮತ್ತೆ ಓದಿದೆ. ಅಂಥ ಬೆರಗು ನನಗೆ ಆಮೇಲೆ ಯಾವ ಲ್ಯಾಬಿನಲ್ಲೂ ಆಗಿಲ್ಲ.

ಮುಂದಿನ ತಿಂಗಳು ಅವರನ್ನು ಸ್ಟೋರಿಗೆ ಹಾಕಿದರು. ಬಾಟಲಿ, ರಟ್ಟಿನ ಪೆಟ್ಟಿಗೆ, ಪಟ್ಟಿ ನೋಡಿಕೊಳ್ಳುವ ಕೆಲಸ. ಇಲಿಗಳನ್ನು ನೋಡಿಕೊಳ್ಳಲು ಬಂದ ಹೊಸಬ ದಪ್ಪ ಕೈಗವಸು ಹಾಕಿಕೊಂಡೇ ಪಂಜರ ತೆರೆಯುತ್ತಿದ್ದ. ನನ್ನ ಪ್ರಬಂಧ ಆ ಸಣ್ಣ ಇಳಿತದ ಮೇಲೆಯೇ ನಿಂತಿತು, ಪಾಸಾಯಿತು. ಕೃತಜ್ಞತೆಯ ಪುಟದಲ್ಲಿ ಗಂಡನ, ಅತ್ತೆಮಾವನ, ಸರ್ ಹೆಸರೆಲ್ಲ ಬರೆದು, ಕೊನೆಗೆ "ಪ್ರಾಣಿಗೃಹದ ಸಿಬ್ಬಂದಿಗೆ" ಎಂದು ಒಂದು ಸಾಲು ಸೇರಿಸಿದೆ. ಹೆಸರು ಹಾಕಿದರೆ ಯಾರಾದರೂ ಆ ಹಳೆಯ ವಿಷಯ ಕೆದಕಬಹುದು ಎಂಬ ಭಯ. ಪ್ರತಿ ಕೊಡಲು ಸ್ಟೋರಿಗೆ ಹೋದಾಗ ಅವರ ಕ್ಷಮೆ ಕೇಳಬೇಕೆಂದಿದ್ದೆ. ಅವರು ಎದ್ದು ನಿಂತು, "ಎಂತ, ಡಾಕ್ಟರ್ ಮೇಡಂ ಈಗ" ಎಂದು ನಕ್ಕರು. ನಾನೂ ನಕ್ಕು ಬಂದುಬಿಟ್ಟೆ.

ಆಮೇಲೆ ನೆರೂಳಿನ ಬೇರೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ಮಗು, ಸೀವುಡ್ಸಿನಲ್ಲಿ ಸ್ವಂತ ಫ್ಲಾಟು... ಹಳೆಯ ಕಾಲೇಜಿನ ಗುಮಾಸ್ತರೊಬ್ಬರು ಒಮ್ಮೆ ವಾಶಿಯಲ್ಲಿ ಸಿಕ್ಕಿ, ಅಣ್ಣ ಹೋಗಿಬಿಟ್ಟರಲ್ಲ, ಆಗಲೇ ಎರಡು ವರ್ಷವಾಯಿತು, ಹಾರ್ಟು ಅಂದರು. ಅವತ್ತೇ ಡೊಂಬಿವಿಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹೋಗಿ ಏನು ಹೇಳುವುದೆಂದು ತಿಳಿಯದೆ ಇನ್ನೂ ಮೂರು ವರ್ಷ ಕಳೆದೆ.

ಪೆಟ್ ಶಾಪಿಗೆ ಹೋದ ಮರುದಿನ, ಭಾನುವಾರ, ಠಾಣೆಯಲ್ಲಿ ರೈಲು ಬದಲಿಸಿ ಡೊಂಬಿವಿಲಿಗೆ ಹೋದೆ. ಕಟ್ಟಡಕ್ಕೆ ಬಣ್ಣ ಹೊಡೆದಿದ್ದರು, ಮೆಟ್ಟಿಲು ಅವೇ. ಅತ್ತಿಗೆ ಬಾಗಿಲು ತೆರೆದು, ಕತ್ತು ಓರೆ ಮಾಡಿ ನನ್ನ ದನಿ ಕೇಳಿಸಿಕೊಂಡು, "ಓ, ಮೇಡಮಾ" ಅಂದರು. ಕಣ್ಣು ಮುಕ್ಕಾಲು ಹೋಗಿತ್ತು. ತಂಗಿಯ ಮಗಳು ಜೊತೆಗಿದ್ದಾಳಂತೆ, ಅಂದು ಪಕ್ಕದ ಕಲ್ಯಾಣ್ ಊರಿಗೆ ಹೋಗಿದ್ದಳು. ಇನ್ಸುಲಿನ್‌ಗೆ ಈಗ ಪೆನ್ನು ಬಂದಿದೆ. ಅದರ ಅಳತೆಯ ಗುಂಡಿ ತಿರುಗಿಸುವಾಗಿನ ಟಿಕ್ ಟಿಕ್ ಸದ್ದು ಎಣಿಸಿ ತಾವೇ ಚುಚ್ಚಿಕೊಳ್ಳುತ್ತಾರೆ. ನುಂಗುವುದು ಬಂತಾ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಚಹಾ ಆರುವ ಮೊದಲೇ ಹೇಳಿಬಿಟ್ಟೆ. ಅಣ್ಣ ನನಗೆ ಮೊದಲೇ ತಿಳಿಸಿದ್ದರು, ಬಾಯಿ ಮುಚ್ಚಿಕೊಂಡಿರಿ ಅಂದವಳು ನಾನು, ಸರ್ ಮುಂದೆ ಅವರು ನನ್ನನ್ನು ಉಳಿಸಿದರು, ಕೊನೆಯವರೆಗೂ ನಾನು ಒಂದು ಮಾತು ಆಡಲಿಲ್ಲ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು ಕೇಳಿದರು: "ನೀವೂ ಹಾಗೇ ಹೇಳಿದ್ರಾ?"

"ನೀವೂ ಅಂದ್ರೆ?"

"ನಾನು ಎರಡು ದಿವಸ ಅವರ ಹತ್ರ ಮಾತಾಡ್ಲಿಲ್ಲ. ಕೆಲಸ ಹೋದ್ರೆ ನನ್ನ ಮದ್ದಿಗೆ ಎಂತ ಮಾಡ್ತೀರಿ ಅಂತ ಕೇಳಿದೆ. ಅತ್ತುಬಿಟ್ಟೆ. ನಾನು ಬಿದ್ದದ್ದರಿಂದಲ್ವಾ ಇದೆಲ್ಲ ಆದದ್ದು ಅಂತ ನನಗೆ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಮನೆಯಲ್ಲಿ ನಾನು, ಅಲ್ಲಿ ನೀವು. ಪಾಪ, ಒಬ್ಬರೂ ಹೇಳು ಅನ್ಲಿಲ್ಲ ಅವರಿಗೆ."

"ಅವರೇನಂದ್ರು ನಿಮಗೆ?"

"ಎಂತ ಹೇಳ್ತಾರೆ. ಬಿದ್ದದ್ದು ನಿನ್ನ ತಪ್ಪಲ್ಲ, ಸಹಿ ಹಾಕಿದ್ದು ನನ್ನ ತಪ್ಪು ಅಂದ್ರು, ಅಷ್ಟೇ. ಮರುದಿವಸ ಬೆಳಿಗ್ಗೆ ನನಗೆ ಸೂಜಿ ಕೊಟ್ರು, ಮದುವೆ ಮುಂಜಿಗೆ ಹಾಕುವ ಶರ್ಟಿಗೆ ತಾವೇ ಇಸ್ತ್ರಿ ಹಾಕಿದ್ರು, ಹಾಕ್ಕೊಂಡು ಹೋದ್ರು. ಇಲಿ ವಾಸನೆಯ ಬಟ್ಟೆಯಲ್ಲಿ ಸರ್ ಮುಂದೆ ನಿಲ್ಲುದು ಬೇಡ ಅಂತ." ನನ್ನ ಕಡೆ ಮುಖ ತಿರುಗಿಸಿದರು. "ನೀವು ನೋಡಿರ್ಬೇಕಲ್ಲ, ಆ ಶರ್ಟು."

"ಇಲ್ಲ ಅತ್ತಿಗೆ" ಅಂದೆ. "ನಾನು ತಲೆ ಎತ್ತಿರಲಿಲ್ಲ."

ಅವರು ನನ್ನ ಕೈಯನ್ನು ತಡಕಾಡಿ ಹಿಡಿದುಕೊಂಡರು. "ಬಿಳಿಯದ್ದು" ಅಂದರು. "ಸಣ್ಣ ಸಣ್ಣ ನೀಲಿ ಗೆರೆ. ಅವರಿಗೆ ಚಂದ ಕಾಣ್ತಿತ್ತು."